ಬೀಡಿ ಎಲೆ ಕತ್ತರಿಸುತ್ತಾ ಕೇಳಿದ್ದು

ಉಡುಪಿಯಲ್ಲಿ ಪದವಿ ತರಗತಿಗೆ ಕನ್ನಡ ಪಾಠ ಮಾಡುತ್ತೇನೆ. ಹಿರಿಯರ ಬದುಕನ್ನು ಮಕ್ಕಳ ಕೈಯಿಂದಲೇ ಬರೆಸಬೇಕೆಂದು ಹೊರಟಾಗ ಮೊದಲು ತಯಾರಿಸಿದ್ದು ಇಪ್ಪತ್ತು ಪ್ರಶ್ನೆಗಳ ಪಟ್ಟಿ. ಅದನ್ನು ಹಿಡಿದುಕೊಂಡು ಹಿರಿಯಡ್ಕದ ಕಡೆಯ ಒಬ್ಬರು ಅಜ್ಜಿಯ ಮನೆಗೆ ಹೋದೆವು. ಎಂಬತ್ತು ದಾಟಿದವರು. ವಿದ್ಯಾರ್ಥಿನಿ ಮೊಬೈಲನ್ನು ಎದುರಿಗಿಟ್ಟು, "ನಿಮ್ಮ ಜೀವನದ ಮುಖ್ಯ ಘಟನೆಗಳನ್ನು ಹೇಳಿ ಅಜ್ಜಿ" ಅಂದಳು.

"ನಮ್ಮದೆಂಥ ಕಥೆ ಮಗಾ? ದುಡಿದದ್ದು, ಉಂಡದ್ದು."

ಹತ್ತು ನಿಮಿಷದಲ್ಲಿ ಇಪ್ಪತ್ತೂ ಪ್ರಶ್ನೆ ಮುಗಿದವು. ತಪ್ಪು ನನ್ನದೇ. ಪರೀಕ್ಷೆಗೆ ಕೂರಿಸಿದ ಹಾಗೆ ಕೂರಿಸಿದರೆ ಯಾರು ಮನಸ್ಸು ಬಿಚ್ಚುತ್ತಾರೆ?

ಮುಂದಿನ ವಾರ ಪಟ್ಟಿ ಬಿಟ್ಟು ಹೋದೆವು, ಮಧ್ಯಾಹ್ನ ಊಟ ಮುಗಿದ ಹೊತ್ತಿಗೆ. ಆ ಮನೆಯಲ್ಲಿ ಸೊಸೆ ಬೀಡಿ ಕಟ್ಟುತ್ತಾರೆ, ಅಜ್ಜಿ ಎಲೆ ಕತ್ತರಿಸಿ ಕೊಡುತ್ತಾರೆ. ನೀರಲ್ಲಿ ನೆನೆಸಿ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಅದರ ಮೇಲೆ ಅಳತೆಯ ತಗಡು, ಸುತ್ತ ಓಡುವ ಕತ್ತರಿ. ನಮ್ಮ ಹುಡುಗಿ ಪಕ್ಕದಲ್ಲಿ ಕೂತು ತಾನೂ ಕತ್ತರಿಸತೊಡಗಿದಳು. ಎಲೆ ಹಾಳಾಯಿತು. "ನರ ನೋಡಿ ಕತ್ತರಿಸು" ಅಂತ ಅಜ್ಜಿ ಅವಳ ಕೈ ಹಿಡಿದರು. ಆಮೇಲೆ ನಾವು ಕೇಳಬೇಕಾಗಿಯೇ ಬರಲಿಲ್ಲ. ಮಾತೆಲ್ಲ ತುಳುವಿನಲ್ಲಿ; ಕನ್ನಡಕ್ಕೆ ತಂದದ್ದು ಆಮೇಲೆ.

ಗದ್ದೆ ಧನಿಗಳದ್ದು, ವರ್ಷಕ್ಕೆ ಹನ್ನೆರಡು ಮುಡಿ ಅಕ್ಕಿ ಗೇಣಿ. "ಮುಡಿ ಅಂದ್ರೆ?" ಅಂತ ಹುಡುಗಿ ಕೇಳಿದಳು. ಅಜ್ಜಿ ಕತ್ತರಿ ಕೆಳಗಿಟ್ಟು, ಎರಡೂ ತೋಳು ಅಗಲಿಸಿ, ಬೈಹುಲ್ಲು ಸುತ್ತಿ ಹಗ್ಗ ಬಿಗಿಯುವುದನ್ನು ಬರಿಗೈಯಲ್ಲೇ ಮಾಡಿ ತೋರಿಸಿದರು. ನಲವತ್ತೆರಡು ಸೇರು ಅಕ್ಕಿ ಒಂದು ಮುಡಿಯಲ್ಲಿ. ಆ ಗಂಟು ಬಿಗಿಯುವಾಗ ಅವರ ಹಲ್ಲು ಕಚ್ಚಿಕೊಂಡದ್ದನ್ನು ನಾನು ಮರೆಯಲಾರೆ. ಗದ್ದೆ ಬೆಳೆಯಿಲ್ಲದೆ ಹಡಿಲು ಬಿದ್ದರೂ ಗೇಣಿ ತಪ್ಪುತ್ತಿರಲಿಲ್ಲವಂತೆ.

ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ನಮ್ಮ ಮಕ್ಕಳು ಅದನ್ನು ಪುಸ್ತಕದಲ್ಲಿ ಓದಿದ್ದಾರೆ: ಗೇಣಿ ಪದ್ಧತಿ ಹೋಯಿತು, ಉಳುವವನೇ ಒಡೆಯನಾದ. ಆದರೆ ಒಕ್ಕಲು ತಾನಾಗಿ ಡಿಕ್ಲರೇಶನ್, ಅಂದರೆ ಉಳುವ ಗದ್ದೆ ತನಗೆ ಬೇಕೆಂಬ ಅರ್ಜಿ, ಕೊಡಬೇಕಿತ್ತು, ಭೂ ನ್ಯಾಯಮಂಡಳಿಯ ಎದುರು ಧನಿಗಳ ಮುಖ ನೋಡಿಕೊಂಡು ಹೇಳಿಕೆ ಕೊಡಬೇಕಿತ್ತು. ಅದಕ್ಕೆ ಎಷ್ಟು ಎದೆಗಾರಿಕೆ ಬೇಕಿತ್ತೆಂದು ಯಾವ ಪಾಠದಲ್ಲೂ ಇರಲಿಲ್ಲ. ಅಜ್ಜಿಯ ಗಂಡ, "ಅವರ ಅನ್ನ ಉಂಡು ಅವರ ಮೇಲೆಯೇ ಅರ್ಜಿ ಕೊಡುವುದಾ?" ಅಂತ ಮೂರು ದಿನ ಮಾತಾಡದೆ ಕೂತಿದ್ದರಂತೆ. ಗೇಣಿ ಕೊಟ್ಟದ್ದಕ್ಕೆ ಸಾಕ್ಷಿಯಾದ ಚೀಟಿಗಳು ಅಕ್ಕಿ ಡಬ್ಬದ ಅಡಿಯಲ್ಲಿದ್ದವು.

ಅಲ್ಲಿಗೆ ಆ ದಿನ ನಿಲ್ಲಿಸಿದೆವು. ಒಂದು ಗಂಟೆಗಿಂತ ಹೆಚ್ಚು ಕೂರಿಸಬಾರದು, ಅವರಿಗೆ ಆಯಾಸ. ನಮಗೂ ಕೇಳಿದ್ದು ಒಳಗಿಳಿಯಬೇಕು.

ಬರೆದದ್ದನ್ನು ಅವರ ಎದುರು ಓದಿ ಹೇಳುವುದನ್ನು ಮಾತ್ರ ನಾನು ಎಂದೂ ಬಿಡುವುದಿಲ್ಲ. ಬೇಡ ಅಂದದ್ದನ್ನು ಅಲ್ಲೇ ಹೊಡೆದು ಹಾಕುತ್ತೇವೆ. ಈ ಅಜ್ಜಿ ತಂಗಿಯ ಮದುವೆಯ ಒಂದು ವಿಷಯ ತೆಗೆಸಿದರು. ಹುಡುಗಿ ಮುಂದೆ ಓದಿದಳು: "ಕೊನೆಗೆ ಗಂಡನೊಂದಿಗೆ ಉಡುಪಿಗೆ ಹೋಗಿ ಡಿಕ್ಲರೇಶನ್ ಕೊಟ್ಟರು."

ಅಜ್ಜಿ ಕೈ ಎತ್ತಿ ತಡೆದರು.

"ಅವರು ಬರ್ಲಿಲ್ಲ ಮಗಾ. ಚೀಟಿ ಸೆರಗಿಗೆ ಕಟ್ಟಿಕೊಂಡು ನಾನೊಬ್ಬಳೇ ಹೋದದ್ದು. ಹಾಗೆ ಬರಿ."