ಎಕ್ಸೆಲ್‌ನಿಂದ ಕ್ಲೌಡಿಗೆ ಸಂಬಳದ ಲೆಕ್ಕ: ಸಾಫ್ಟ್‌ವೇರ್ ತಗೊಳ್ಳೋ ಮುಂಚೆ ಶೀಟು ತೊಳೀರಿ

ಪೀಣ್ಯ, ದಾಬಸ್‌ಪೇಟೆ ಕಡೆ ಸಣ್ಣ ಫ್ಯಾಕ್ಟರಿಗಳ ಸಂಬಳದ ಲೆಕ್ಕ ನೋಡ್ಕೊಳ್ಳೋದೇ ನನ್ನ ಕಸುಬು. ಮುಂಚೆ ನಲವತ್ತು ಜನ ಇರೋ ಯೂನಿಟ್ ಅಂದ್ರೆ ಒಂದು ಹಾಜರಿ ಪುಸ್ತಕ, ಒಂದು ಎಕ್ಸೆಲ್ ಶೀಟು, ತಿಂಗಳ ಕೊನೇಲಿ ಎರಡು ರಾತ್ರಿ ನಿದ್ದೆಗೆಡೋ ಅಕೌಂಟೆಂಟು, ಅಷ್ಟೇ. ಈಗ ಎಲ್ರೂ ಕ್ಲೌಡ್ ಎಚ್ಆರ್ ಸಾಫ್ಟ್‌ವೇರ್ ಹಾಕಿಸ್ತಿದಾರೆ. ತಲೆಗಿಷ್ಟು ಅಂತ ತಿಂಗಳಿಗೆ ಕಟ್ಟಿದ್ರಾಯ್ತು, ಸರ್ವರ್ ಗಿರ್ವರ್ ಬೇಡ, ರೂಲ್ ಬದಲಾದ್ರೆ ಅವ್ರೇ ಬದಲಾಯಿಸ್ತಾರೆ. ಈಗ ನೋಡಿ, 2025ರ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿ 25,000 ಮತ್ತು ಅದಕ್ಕಿಂತ ಮೇಲೆ ಸಂಬಳ ಇರೋರಿಗೆ ಪಿಟಿ, ಅಂದ್ರೆ ವೃತ್ತಿ ತೆರಿಗೆ, ಹನ್ನೊಂದು ತಿಂಗಳು 200, ಫೆಬ್ರವರಿಗೆ ಮಾತ್ರ 300 ಅಂತ ಆಯ್ತಲ್ಲ, ಎಕ್ಸೆಲ್ ಇಟ್ಕೊಂಡಿರೋರು ಫೆಬ್ರವರಿ ಬಂದಾಗ ಅದನ್ನ ನೆನಪಿಟ್ಕೊಂಡು ಕೈಯಾರೆ ತಿದ್ದಬೇಕು.

ಸರಿ, ಒಳ್ಳೇದೇ. ಆದ್ರೆ ಮೊದಲ ತಿಂಗಳ ಸಂಬಳದ ದಿನ ಗೇಟ್ ಹತ್ರ ಗಲಾಟೆ ಆಗೋದು, ಸಾಫ್ಟ್‌ವೇರ್ ಸರಿಯಿಲ್ಲ ಅಂತ ಓನರ್ ಕೂಗಾಡೋದು, ಇದನ್ನ ಎಷ್ಟೋ ಕಡೆ ನೋಡಿದೀನಿ. ತಪ್ಪು ಸಾಫ್ಟ್‌ವೇರ್‌ದಲ್ಲ ಸ್ವಾಮಿ, ನೀವು ಅದಕ್ಕೆ ತುಂಬಿದ ಹಳೇ ಶೀಟಿಂದು.

ಮೊದಲನೇದು, ಆಯ್ಕೆ. ಇದಕ್ಕೆ ಜನ ಎರಡು ತಿಂಗಳು ಹಾಳುಮಾಡ್ತಾರೆ, ಎರಡು ದಿನ ಸಾಕು. ನಮ್ಮ ಬೆಂಗಳೂರಿನದೇ ಗ್ರೇಟ್‌ಎಚ್ಆರ್ ಇದೆ, ಹೈದರಾಬಾದಿಂದು ಕೇಕಾ ಇದೆ, ಚೆನ್ನೈನ ಜೋಹೋ ಇದೆ, ಸಣ್ಣ ಯೂನಿಟ್ಟಿಗೆ ಬೇಕಾದ ಲೆಕ್ಕ ಇವೆಲ್ಲ ಮಾಡತ್ವೆ. ಡೆಮೋದಲ್ಲಿ ಬರ್ತ್‌ಡೇ ವಿಶ್ ಬರೋದು ತೋರಿಸಿದ್ರೆ ಮರುಳಾಗ್ಬೇಡಿ. ಎರಡೇ ಪ್ರಶ್ನೆ ಕೇಳಿ: ಬಿಟ್ಟು ಹೋಗೋವಾಗ ನನ್ನ ಡೇಟಾ ಎಲ್ಲ ಎಕ್ಸೆಲ್‌ನಲ್ಲಿ ಕೊಡ್ತೀರಾ? ಇಪ್ಪತ್ತೆರಡೇ ಜನ ಇದ್ರೆ ಇಪ್ಪತ್ತೆರಡಕ್ಕೇ ಬಿಲ್ಲಾ, ಇಲ್ಲ ಕನಿಷ್ಠ ಇಷ್ಟು ತಲೆ ಅಂತ ಇದೆಯಾ?

ಎರಡನೇದು, ಹಣಕಾಸು ವರ್ಷ ಶುರುವಾಗೋ ಏಪ್ರಿಲ್‌ನಲ್ಲೇ ಶುರು ಮಾಡಿ. ನಡುವೆ ಶುರು ಮಾಡಿದ್ರೆ ಹಿಂದಿನ ತಿಂಗಳುಗಳ ಸಂಬಳ, ಟಿಡಿಎಸ್ (ಸಂಬಳದಲ್ಲೇ ಹಿಡಿದ ತೆರಿಗೆ) ಎಲ್ಲ ಕೂತು ತುಂಬಬೇಕು, ಯಾಕೆ ಬೇಕು ಆ ಕರ್ಮ.

ಮೂರನೇದು ಡೇಟಾ. ಇಲ್ಲೇ ಎಲ್ರೂ ಮುಗ್ಗರಿಸೋದು, ಹಾಗಾಗಿ ನಿಧಾನಕ್ಕೆ ಹೇಳ್ತೀನಿ.

ಹೆಸರಿಂದ ಶುರು ಮಾಡಿ. ನಮ್ಮ ಕಡೆ ಒಬ್ಬನಿಗೆ ನಾಲ್ಕು ಹೆಸರು. ಆಧಾರ್‌ನಲ್ಲಿ ಮಂಜುನಾಥ ಹನುಮಂತಪ್ಪ, ಪ್ಯಾನ್‌ನಲ್ಲಿ ಮಂಜುನಾಥ್ ಎಚ್, ಪಾಸ್‌ಬುಕ್ಕಲ್ಲಿ ಎಚ್ ಮಂಜುನಾಥ್, ಹಾಜರಿ ಪುಸ್ತಕದಲ್ಲಿ ಬರೀ ಮಂಜ. ಇಂಗ್ಲಿಷಲ್ಲಿ ಬರೆದಾಗ ಕೊನೇಲಿ ಒಂದು 'ಎ' ಇದೆಯೋ ಇಲ್ವೋ ಅನ್ನೋದಕ್ಕೇ ಪಿಎಫ್‌ನಲ್ಲಿ ಕೆವೈಸಿ ನಿಂತ್ಹೋಗತ್ತೆ. ಆಧಾರ್‌ನಲ್ಲಿರೋ ಸ್ಪೆಲ್ಲಿಂಗೇ ಸಾಫ್ಟ್‌ವೇರ್‌ಗೂ ಹಾಕಿ, ಬೇರೆ ಕಡೆ ವ್ಯತ್ಯಾಸ ಇದ್ರೆ ಒಂದು ಕಾಲಮ್ ಮಾಡಿ ಗುರುತು ಹಾಕ್ಕೊಂಡು ಒಬ್ಬೊಬ್ಬರದೇ ಸರಿ ಮಾಡಿಸಿ. ಹೆಸರನ್ನ ನಂಬಿ ಎರಡು ಶೀಟು ಜೋಡಿಸ್ಬೇಡಿ, ಎಂಪ್ಲಾಯಿ ನಂಬರ್ ಮೇಲೆ ಜೋಡಿಸಿ. ಒಂದು ಕಡೆ ಇಬ್ಬರು ಮಂಜುನಾಥರ ಸಂಬಳ ಅದಲು ಬದಲಾಗಿ, ಜಾಸ್ತಿ ಬಂದೋನು ಊರಿಗೆ ಹೋಗಿ ಫೋನೇ ಎತ್ತಲಿಲ್ಲ.

ಆಮೇಲೆ ನಂಬರ್‌ಗಳು. ಯುಎಎನ್, ಅಂದ್ರೆ ನೌಕರನ ಪಿಎಫ್ ನಂಬರ್, 12 ಅಂಕಿ, ಎಕ್ಸೆಲ್ ಅದನ್ನ ಮಧ್ಯ 'ಇ' ಇರೋ ವಿಚಿತ್ರ ಸಂಖ್ಯೆ ಮಾಡಿ ತೋರಿಸತ್ತೆ. ಬ್ಯಾಂಕ್ ಅಕೌಂಟಿನ ಮುಂದಿರೋ ಸೊನ್ನೆ ನುಂಗಿಬಿಡತ್ತೆ. 16 ಅಂಕಿಯ ಅಕೌಂಟ್ ಇದ್ರಂತೂ ಕೊನೇ ಅಂಕೀನ ಸೊನ್ನೆ ಮಾಡಿ ಸುಮ್ಮನಿರತ್ತೆ, ನಿಮಗೆ ಗೊತ್ತೇ ಆಗಲ್ಲ. ಹಾಗಾಗಿ ಅಂಕಿ ಹಾಕೋ *ಮುಂಚೆ* ಆ ಕಾಲಮ್‌ನ ಟೆಕ್ಸ್ಟ್ ಅಂತ ಮಾಡಿ, ಹಾಕಿದ ಮೇಲೆ ಮಾಡಿದ್ರೆ ಹೋದ ಅಂಕಿ ವಾಪಸ್ ಬರಲ್ಲ.

ಬ್ಯಾಂಕ್ ಶಾಖೆಯ ಐಎಫ್ಎಸ್‌ಸಿ ಕೋಡ್ ಇನ್ನೊಂದು ಕಥೆ. ಹಳಬರ ಪಾಸ್‌ಬುಕ್ ತೆಗೆದು ನೋಡಿ, ಸಿಂಡಿಕೇಟು, ಕಾರ್ಪೊರೇಷನ್ನು, ವಿಜಯಾ ಅಂತಿರತ್ತೆ. ವಿಜಯಾ 2019ರಲ್ಲಿ ಬರೋಡಾ ಆಯ್ತು, ಸಿಂಡಿಕೇಟು 2020ರಲ್ಲಿ ಕೆನರಾ ಆಯ್ತು, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಆಯ್ತು. ಪಾಸ್‌ಬುಕ್ ನೋಡಿ ಹಳೇ ಕೋಡ್ ತುಂಬಿದ್ರೆ ದುಡ್ಡು ಹೋಗಲ್ಲ. ಹೊಸ ಚೆಕ್ಕೋ, ಇತ್ತೀಚಿನ ಸ್ಟೇಟ್‌ಮೆಂಟೋ ಕೇಳಿ.

ಕೊನೇದು ಲೀವ್ ಬ್ಯಾಲೆನ್ಸ್. ಇದನ್ನ ಆಫೀಸಲ್ಲೇ ಕೂತು ತುಂಬೋದು ಶಾರ್ಟ್‌ಕಟ್, ಮಾಡ್ಬೇಡಿ. ಎಲ್ರ ಹೆಸರಿನ ಮುಂದೆ ಉಳಿದ ರಜೆ ಬರೆದು ಪ್ರಿಂಟ್ ತೆಗೆದು ಪಂಚಿಂಗ್ ಮಷಿನ್ ಪಕ್ಕ ಒಂದು ವಾರ ಅಂಟಿಸಿ. ನಾನು ಹೀಗೆ ಅಂಟಿಸಿದ್ದಾಗ ಲೇತ್ ಮಷಿನ್‌ನ ಹಿರಿಯರೊಬ್ರು ಬಂದು ಶರ್ಟ್ ಜೇಬಿಂದ ಚಿಕ್ಕ ಡೈರಿ ತೆಗೆದು, "ಸಾರ್, ನಂದು 11 ದಿನ ಕಮ್ಮಿ ತೋರಿಸ್ತಿದೀರ" ಅಂದ್ರು. ತಾರೀಖು ಸಮೇತ ಬರೆದಿಟ್ಟಿದ್ರು. ನಮ್ಮ ಶೀಟಲ್ಲೇ ಫಾರ್ಮುಲಾ ಒಂದು ಸಾಲು ಜಾರಿತ್ತು. ವಾರ ಆದ್ಮೇಲೆ ಎಲ್ರ ಹತ್ರ ಸೈನ್ ಹಾಕಿಸ್ಕೊಳ್ಳಿ, ಆಮೇಲೇ ಅಪ್‌ಲೋಡ್.

ನಾಲ್ಕನೇದು ಶಿಫ್ಟ್. ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೋಗೋ ಮೂರನೇ ಶಿಫ್ಟಿಗೆ 'ದಿನ ದಾಟತ್ತೆ' ಅನ್ನೋ ಸೆಟ್ಟಿಂಗ್ ಹಾಕ್ಲೇಬೇಕು, ಇಲ್ಲಾಂದ್ರೆ ಪಾಪ ರಾತ್ರಿಯಿಡೀ ದುಡಿದೋರಿಗೆ ಎರಡು ದಿನ ಅರ್ಧರ್ಧ ಪಂಚ್ ಅಂತ ಬಂದು ಎರಡೂ ಆಬ್ಸೆಂಟ್. ಮಷಿನ್ ವಿಷಯಕ್ಕೆ ಬಂದ್ರೆ, ಪೆನ್‌ಡ್ರೈವ್ ಹಾಕಿ ಡೇಟಾ ತೆಗೀಬೇಕಾದ ಅಗ್ಗದ ಮಷಿನ್ ತಗೋಬೇಡಿ, ತಾನಾಗೇ ಇಂಟರ್ನೆಟ್ಟಲ್ಲಿ ಕಳಿಸೋದು ಬೇಕು. ಗ್ರೈಂಡಿಂಗ್ ಮಾಡೋರ ಬೆರಳು ಸವೆದಿರತ್ತೆ, ಬೆರಳಚ್ಚು ಹಿಡಿಯಲ್ಲ, ಮುಖ ನೋಡೋ ಮಷಿನ್ ಹಾಕ್ಸಿ.

ಐದನೇದು, ಎರಡು ತಿಂಗಳು ಹಳೇ ಶೀಟು, ಹೊಸ ಸಾಫ್ಟ್‌ವೇರ್ ಎರಡರಲ್ಲೂ ಸಂಬಳ ಮಾಡಿ ಪಕ್ಕಪಕ್ಕ ಇಟ್ಟು ನೋಡಿ, ಒಂದು ರೂಪಾಯಿ ವ್ಯತ್ಯಾಸ ಇದ್ರೂ ಕಾರಣ ಹುಡುಕಿ. 17,350 ಸಂಬಳಕ್ಕೆ ಇಎಸ್ಐ (ನೌಕರರ ಆರೋಗ್ಯ ವಿಮೆ) ನೌಕರನ ಪಾಲು 0.75 ಪರ್ಸೆಂಟು ಅಂದ್ರೆ 130 ರೂಪಾಯಿ ಚಿಲ್ಲರೆ, ನಿಮ್ಮ ಎಕ್ಸೆಲ್ 130 ಅನ್ನತ್ತೆ, ಆದ್ರೆ ಇಎಸ್ಐಲಿ ಚಿಲ್ಲರೆ ಬಂದ್ರೆ ಮೇಲಕ್ಕೇ ಏರಿಸ್ಬೇಕು, 131. ಇಲ್ಲಿ ಸಾಫ್ಟ್‌ವೇರೇ ಸರಿ. ಇನ್ನೊಂದು, 20,500 ಇದ್ದೋರಿಗೆ ಜುಲೈಲಿ 22,000 ಆಯ್ತು ಅನ್ಕೊಳ್ಳಿ, ಮಿತಿ 21,000 ದಾಟ್ತು ಅಂತ ಆವಾಗ್ಲೇ ಇಎಸ್ಐ ನಿಲ್ಲಿಸೋ ಹಾಗಿಲ್ಲ, ಆ ಆರು ತಿಂಗಳ ಇಎಸ್ಐ ಅವಧಿ, ಅಂದ್ರೆ ಸೆಪ್ಟೆಂಬರ್ ಮುಗಿಯೋವರೆಗೂ ಪೂರ್ತಿ 22,000ದ ಮೇಲೆ ಹಿಡೀಬೇಕು, ಅವರಿಂದ 165, ಕಂಪನಿಯಿಂದ 715. ಇದನ್ನ ಎಕ್ಸೆಲ್‌ನಲ್ಲಿ ಸರಿಯಾಗಿ ಮಾಡ್ತಿದ್ದ ಯೂನಿಟ್ ನಾನಂತೂ ಕಮ್ಮಿ ನೋಡಿರೋದು.

ಆರನೇದು ಪೇಸ್ಲಿಪ್. ಆ್ಯಪಲ್ಲಿ ಬರತ್ತೆ, ಆದ್ರೂ ಮೊದಲ ಮೂರು ತಿಂಗಳು ಕಾಗದದಲ್ಲೂ ಕೊಡಿ.

ಕೊನೇದಾಗಿ ಅಡ್ಮಿನ್ ಲಾಗಿನ್. ನನಗೆ ಗೊತ್ತಿರೋ ಒಂದು ಯೂನಿಟ್ಟಲ್ಲಿ ಎಚ್ಆರ್ ಹುಡುಗಿ ತನ್ನ ಸ್ವಂತ ಮೇಲ್, ಸ್ವಂತ ಮೊಬೈಲ್ ಕೊಟ್ಟು ಅಕೌಂಟ್ ತೆರೆದಿದ್ಲು. ಅವಳು ಮದುವೆಯಾಗಿ ದಾವಣಗೆರೆಗೆ ಹೋದ್ಮೇಲೂ ಸಂಬಳದ ದಿನ ಓಟಿಪಿ ಅವಳ ಫೋನಿಗೇ ಹೋಗ್ತಿತ್ತು. ಪಾಪ ಒಳ್ಳೇ ಹುಡುಗಿ, ಆರು ತಿಂಗಳು ಓಟಿಪಿ ಹೇಳಿದ್ಲು, ಏಳನೇ ತಿಂಗಳು ಹೆರಿಗೆ ಆಸ್ಪತ್ರೇಲಿದ್ಲು. ಸಂಬಳ ನಾಲ್ಕು ದಿನ ಲೇಟಾಯ್ತು. ಕಂಪನಿ ಹೆಸರಲ್ಲೇ ಒಂದು ಸಿಮ್ಮು ತಗೊಂಡು ಓನರ್ ಟೇಬಲ್ ಡ್ರಾಯರ್‌ನಲ್ಲಿ ಹಳೇ ಫೋನಿಗೆ ಹಾಕಿಡಿ, ಚಾರ್ಜ್ ಇರ್ಲಿ.