ಸೈಕಲ್ಲಿನ ಡಿಸ್ಕ್ ಬ್ರೇಕ್ ಕೂಗ್ತಿದೆಯಾ? ಮೊದಲು ಎಣ್ಣೆ ಡಬ್ಬ ನೋಡಿ

ಹೋದ ಮಳೆಗಾಲದಲ್ಲಿ ಸಕಲೇಶಪುರಕ್ಕೆ ಹೊರಡುವ ಮುಂಚೆ ಗಡಿಬಿಡಿಯಲ್ಲಿ ಚೈನಿಗೆ ಸ್ಪ್ರೇ ಎಣ್ಣೆ ಹೊಡೆದೆ. ಹನಿ ಹಾರಿ ಹಿಂದಿನ ರೋಟರ್ (ಚಕ್ರದ ಜೊತೆ ತಿರುಗುವ ಬ್ರೇಕಿನ ಲೋಹದ ತಟ್ಟೆ) ಮೇಲೆ ಕೂತಿದ್ದು ಗೊತ್ತೇ ಆಗಲಿಲ್ಲ. ಮೊದಲ ಇಳಿಜಾರಿನಲ್ಲೇ ಬ್ರೇಕ್ ನವಿಲಿನ ಹಾಗೆ ಕೂಗಿತು, ಹಿಡಿತ ಮಾತ್ರ ಸೊನ್ನೆ. 'ನಿಂಗೆ ಹಾರ್ನ್ ಯಾಕೋ' ಅಂತ ಗೆಳೆಯರು ಇವತ್ತಿಗೂ ರೇಗಿಸುತ್ತಾರೆ.

ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ರೋಟರ್ ಒರೆಸಿದೆ, ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ. ರೋಟರನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್ ಬಿಚ್ಚಿದರೆ ಅದರ ಮೈ ಗಾಜಿನ ಹಾಗೆ ಮಿನುಗುತ್ತಿತ್ತು. ಉಪ್ಪು ಕಾಗದವನ್ನು ನೆಲದ ಮೇಲಿಟ್ಟು, ಹೊಳಪು ಹೋಗುವಷ್ಟು ಉಜ್ಜಿದೆ. ಆ ಪುಡಿ ಊದಬೇಡಿ, ಮೂಗಿಗೆ ಹೋಗುತ್ತೆ. ಆಮೇಲೆ ಒಂದು 20 ಸಲ ಸ್ವಲ್ಪ ವೇಗ ಹಿಡಿದು, ಪೂರ್ತಿ ನಿಲ್ಲಿಸದೆ ಬ್ರೇಕ್ ಹಾಕಿದೆ. ಕೂಗು ನಿಂತಿತು. ಎಣ್ಣೆ ಪ್ಯಾಡಿನೊಳಗೆ ಇಳಿದಿದ್ದರೆ ಮಾತ್ರ ಸುಮ್ನೆ ಹೊಸದು ಹಾಕಿಸಿ. ಎಣ್ಣೆ ಹೋಗಲಿ ಅಂತ ಪ್ಯಾಡನ್ನು ಗ್ಯಾಸ್ ಒಲೆ ಮೇಲೆ ಸುಡುವ ಸರ್ಕಸ್ ನನಗಂತೂ ಬೇಡ.

ಹಾಂ, ಚಕ್ರ ಬಿಚ್ಚಿ ಸೈಕಲ್ಲನ್ನು ಕಾರಿಗೆ ಹಾಕುವಾಗ ಪ್ಯಾಡ್‌ಗಳ ಮಧ್ಯೆ ರಟ್ಟಿನ ತುಂಡು ಸಿಕ್ಕಿಸಿ. ಅಪ್ಪಿತಪ್ಪಿ ಬ್ರೇಕ್ ಲಿವರ್ ಒತ್ತಿದರೆ ಪ್ಯಾಡನ್ನು ತಳ್ಳುವ ಪಿಸ್ಟನ್ ಮುಂದೆ ಬರುತ್ತೆ, ರೋಟರ್ ಒಳಗೆ ಹೋಗುವುದೇ ಇಲ್ಲ.

ಸ್ಪ್ರೇ ಈಗ ಗೇಟಿನ ಕೀಲಿಗೆ. ಚೈನಿಗೆ ಕೊಂಡಿಗೊಂದು ಹನಿ, ಅಷ್ಟೇ.