ಸ್ಪಿತಿ ಚಾರಣಕ್ಕೆ ಶಿಮ್ಲಾ ಕಡೆಯಿಂದ ಹೋಗಿ
ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಲಾಂಗ್ಜಾ, ಕೋಮಿಕ್, ಡೆಮುಲ್, ಧಂಕರ್ ಹಳ್ಳಿಗಳ ಚಾರಣಕ್ಕೆ ಗೈಡ್ ಗೊತ್ತು ಮಾಡುವಾಗಲೇ ಹೇಳಿಬಿಡಿ: ಹೋಗುವಾಗ ಶಿಮ್ಲಾ–ಕಿನ್ನೌರ್ ದಾರಿ, ಬರುವಾಗ ಮನಾಲಿ ದಾರಿ. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟರೆ ಒಂದೇ ದಿನದಲ್ಲಿ 4,500 ಮೀಟರ್ ಮೀರಿದ ಕುಂಜುಮ್ ಪಾಸ್ ದಾಟಬೇಕು. ಆ ಎತ್ತರಕ್ಕೆ ಮೈ ಒಗ್ಗಿಕೊಳ್ಳಲು ಸಮಯವೇ ಸಿಗುವುದಿಲ್ಲ, ಅಲ್ವಾ? ಕಿನ್ನೌರ್ ಕಡೆಯಾದರೆ ಕಲ್ಪಾ, ಆಮೇಲೆ ಸುಮಾರು 3,600 ಮೀಟರ್‌ನ ನಾಕೋ, ಹೀಗೆ ಒಂದೊಂದು ರಾತ್ರಿ ತಂಗುತ್ತಾ ನಿಧಾನಕ್ಕೆ ಸ್ಪಿತಿಯ ಮುಖ್ಯ ಊರು ಕಾಜಾ ತಲುಪುತ್ತೀರಿ. ಎರಡು ದಿನ ರಜೆ ಜಾಸ್ತಿ ಬೇಕು, ಆದರೆ ಖಂಡಿತ ಹಾಕಿ. ಜುಲೈ–ಆಗಸ್ಟ್‌ನಲ್ಲಿ ಮಾತ್ರ ಈ ಲೆಕ್ಕ ಕೈಕೊಡಬಹುದು, ಮಳೆಗೆ ಕಿನ್ನೌರ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. ಈ ದಾರಿಯಲ್ಲಿ ಹೋದರೂ ಲಾಂಗ್ಜಾದಲ್ಲಿ ತಲೆನೋವು, ವಾಂತಿ ಶುರುವಾದರೆ ಸುಮ್ನೆ ತಡೆದುಕೊಳ್ಳಬೇಡಿ, ತಕ್ಷಣ ಕೆಳಗಿಳಿಯಿರಿ.